ಬೀದರಿನ ನಮ್ಮ ಕ್ವಾಯರಿಗೆ ಹತ್ತು ವರ್ಷ: ಹೇಳಲು ಉಳಿದ ವಂದನೆಗಳು

ಕಳೆದ ಭಾನುವಾರ ಸಂಜೆ ಬೀದರಿನ ನಮ್ಮ ಚರ್ಚಿನಲ್ಲಿ ಇಪ್ಪತ್ತೆಂಟು ಗಾಯಕರು ಯಾವ ವಾದ್ಯದ ಆಸರೆಯೂ ಇಲ್ಲದೆ ಯುರೋಪಿನ ಸಂಗೀತ ರಚನಾಕಾರರಾದ ಪ್ಯಾಲೆಸ್ಟ್ರೀನಾ, ಬ್ರೂಕ್ನರ್ ಮತ್ತು ಮೆಂಡೆಲ್ಸನ್ನರ ಮೂರು ರಚನೆಗಳನ್ನು ಹಾಡಿದರು. ನಮ್ಮ ಕ್ವಾಯರ್ (ಹಲವು ಧ್ವನಿಗಳ ಸಮೂಹಗಾನದ ತಂಡ) ಆರಂಭವಾಗಿ ಹತ್ತು ವರ್ಷ ತುಂಬಿದ ನೆನಪಿಗಾಗಿ ಏರ್ಪಡಿಸಿದ್ದ ಕಾರ್ಯಕ್ರಮವದು. ವಂದನಾರ್ಪಣೆಯ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ ಮೈಕು ನಿಂತದ್ದರಿಂದ ಅಂದು ಹೇಳಲಾಗದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ವಂದನೆಗೂ ಮೊದಲು ಒಂದು ಕ್ಷಮೆ ಕೇಳಬೇಕಾಗಿದೆ. ಎರಡು ವರ್ಷಗಳ ಹಿಂದೆ, ನಾವು ಈಗ ಪಳಗಿದವರು ಎಂಬ ಹುಮ್ಮಸ್ಸಿನಲ್ಲಿ, ನಾನು ರಷ್ಯಾದ ರಚನಾಕಾರ ರಾಖ್ಮನಿನೋವನ 1915ರ ಪ್ರಾರ್ಥನಾಗಾನ ‘ರಾತ್ರಿಯಿಡೀ ಜಾಗರಣೆ’ಯ ಐದನೆಯ ಭಾಗವನ್ನು ಆರಿಸಿ ತಂದಿದ್ದೆ. ಅದರ ಕೊನೆಯಲ್ಲಿ ಬಾಸ್ ಧ್ವನಿಗಳು (ಗಂಡಸರ ಅತಿ ಕೆಳಗಿನ ಧ್ವನಿಗಳು) ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೀಬೋರ್ಡಿನ ನಡುವಿನ ‘ಸಿ’ ಸ್ವರದಿಂದ ಎರಡು ಸಪ್ತಕಕ್ಕೂ ಕೆಳಗಿರುವ ಬಿ ಫ್ಲಾಟ್ ಸ್ವರದಲ್ಲಿ ನಿಲ್ಲುತ್ತವೆ. ಮಾಸ್ಕೋದಲ್ಲಿ ಮೊದಲ ಪ್ರಯೋಗವನ್ನು ನಡೆಸಿಕೊಟ್ಟ ಡ್ಯಾನಿಲಿನ್ ಕೂಡ ಅಂಥ ಬಾಸ್ ಗಾಯಕರನ್ನು ಎಲ್ಲಿಂದ ತರುವುದೆಂದು ತಲೆಯಾಡಿಸಿದ್ದನಂತೆ. ಬೀದರಿನಲ್ಲಿ ಕುಳಿತು ನಾನು ಮಾತ್ರ ತಲೆಯಾಡಿಸಲಿಲ್ಲ. ಮೂರು ತಿಂಗಳು ಗಂಟಲು ಒತ್ತಿ ಹಾಡಿದ ಪರಿಣಾಮವಾಗಿ ಇಬ್ಬರ ಧ್ವನಿ ಒಡೆಯಿತು, ನಾಲ್ವರು ಬರುವುದನ್ನೇ ನಿಲ್ಲಿಸಿದರು, ಕಾರ್ಯಕ್ರಮ ರದ್ದಾಯಿತು. ತಪ್ಪು ಪೂರ್ತಿಯಾಗಿ ನನ್ನದೇ ಆಗಿತ್ತು.

ಆ ದಿನಗಳಲ್ಲಿ ನನ್ನ ಮುಖಕ್ಕೆ ನೇರವಾಗಿ ಹೇಳಿದವರು ಬಾಸ್ ಸಾಲಿನ ನಮ್ಮ ಹಿರಿಯಣ್ಣ ಒಬ್ಬರೇ: “ಸರ, ನೌಬಾದಿನ ಸುರಂಗ ಬಾವಿಗೆ ಇಳಿದ್ರೂ ಈ ಸ್ವರ ಸಿಗಂಗಿಲ್ರಿ.” ನಾನು ಆಗ ನಗಲಿಲ್ಲ. ಈಗ ಅವರಿಗೆ ಮೊದಲ ವಂದನೆ. ಅವರ ಒತ್ತಾಯದಿಂದಲೇ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು, ಅವರ ಧ್ವನಿ ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದನ್ನಲ್ಲ, ಅರ್ಧ ಗಂಟೆ ಹಾಡಿದ ಮೇಲೂ ಎಲ್ಲಿ ಸಲೀಸಾಗಿ ನಿಲ್ಲುತ್ತದೆ ಎಂಬುದನ್ನು ಬರೆದುಕೊಂಡೆ. ಒಮ್ಮೆ ಮುಟ್ಟಿ ಬರಬೇಕಾದ ಎತ್ತರದ ಸ್ವರಕ್ಕಿಂತ, ಅದರ ಹತ್ತಿರದಲ್ಲೇ ಎರಡು ಪುಟ ಸುಳಿದಾಡಬೇಕಾದ ಸಾಲು ಗಂಟಲನ್ನು ಹೆಚ್ಚು ದಣಿಸುತ್ತದೆ ಎಂಬುದನ್ನು ಹತ್ತು ವರ್ಷ ಕ್ವಾಯರ್ ನಡೆಸಿದವನು ಹೀಗೆ ತಡವಾಗಿ ಕಲಿತೆ. ಕಠಿಣವಾದದ್ದನ್ನು ಬಿಡಬಾರದು, ಆದರೆ ಯಾವ ಬಗೆಯ ಕಾಠಿಣ್ಯ ನಮ್ಮನ್ನು ಬೆಳೆಸೀತು ಎಂದು ಕೇಳಿಕೊಳ್ಳಬೇಕು ಎಂಬ ನಿರ್ಧಾರಕ್ಕೆ ಬಂದದ್ದು ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡೇ.

ಹಾಗೆ ಆರಿಸಿದ ಮೊದಲ ರಚನೆ ಪ್ಯಾಲೆಸ್ಟ್ರೀನಾ ತೀರಿಕೊಂಡ ಹತ್ತು ವರ್ಷಗಳ ಬಳಿಕ, 1604ರಲ್ಲಿ ಅಚ್ಚಾದ ‘ಸೀಕುತ್ ಚೆರ್ವುಸ್’. ನೀರಿಗಾಗಿ ಹಂಬಲಿಸುವ ಜಿಂಕೆಯ ಚಿತ್ರವಿರುವ, ಬೈಬಲ್ಲಿನ 42ನೆಯ ಕೀರ್ತನೆಯ ಮಾತುಗಳವು. ಬೀದರಿನ ಮೇ ತಿಂಗಳಲ್ಲಿ ಅಭ್ಯಾಸ ಮಾಡಿದವರಿಗೆ ಅದರ ಅರ್ಥವನ್ನು ವಿವರಿಸುವ ಅಗತ್ಯ ಬೀಳಲಿಲ್ಲ. ಕಾಗದದ ಮೇಲೆ ಇದು ಸರಳ. ಟೆನರ್ (ಗಂಡಸರ ಮೇಲಿನ ಧ್ವನಿ) ತೆಗೆದ ಎಳೆಯನ್ನು ಆಲ್ಟೊ (ಹೆಂಗಸರ ಕೆಳಗಿನ ಧ್ವನಿ) ಹಿಡಿಯುತ್ತದೆ, ಆಮೇಲೆ ಸೊಪ್ರಾನೊ (ಹೆಂಗಸರ ಮೇಲಿನ ಧ್ವನಿ), ಕೊನೆಗೆ ಬಾಸ್. ಆದರೆ ಹಾಡು ಮುಗಿಯುವ ಹೊತ್ತಿಗೆ ನಾವು ಪ್ರತಿಸಲವೂ ಅರ್ಧ ಸ್ವರ ಕೆಳಗೆ ಜಾರಿರುತ್ತಿದ್ದೆವು. ಇದಕ್ಕೆ ಮದ್ದು ಕೊಟ್ಟವರು ಕಲಬುರಗಿಯಿಂದ ಆರು ಶನಿವಾರ ಬಸ್ಸಿನಲ್ಲಿ ಬಂದ ಹಿಂದೂಸ್ತಾನಿ ಸಂಗೀತದ ಗುರುಗಳು. ಅವರು ನಮ್ಮ ಕೀಬೋರ್ಡನ್ನು ಮುಚ್ಚಿಸಿ, ತಂಬೂರಿ ಹಿಡಿದು ಕುಳಿತು, ಖರಜದ (ಕೆಳ ಷಡ್ಜದ) ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರವನ್ನು, ಅಂದರೆ ಮೂರನೆಯ ಸ್ವರವಾದ ‘ಗ’ವನ್ನು, ಕೇಳುವವರೆಗೆ ಯಾರೂ ಬಾಯಿ ತೆರೆಯಕೂಡದೆಂದರು. ಅರ್ಧ ಸ್ವರವನ್ನು ನೂರು ಭಾಗವೆಂದು ಎಣಿಸಿದರೆ ಕೀಬೋರ್ಡಿನ ಗಾಂಧಾರ ಷಡ್ಜದಿಂದ 400ರ ದೂರದಲ್ಲಿರುತ್ತದೆ; ತಂಬೂರಿಯದು ಸುಮಾರು 386ರಲ್ಲಿ. ಈ ಹದಿನಾಲ್ಕು ಭಾಗದ ವ್ಯತ್ಯಾಸವನ್ನು ಕಿವಿ ಗುರುತಿಸಿದ ದಿನ ನಮ್ಮ ಮೂರನೆಯ ಸ್ವರಗಳು ಅಲುಗದೆ ನಿಂತವು, ಮತ್ತು ಗಾಯಕರು ಕೀಬೋರ್ಡಿನ ನೆನಪಿನ ಬದಲು ಪಕ್ಕದವರ ದನಿಯನ್ನು ಕೇಳಿ ಹಾಡತೊಡಗಿದ್ದರಿಂದ ಜಾರುವುದು ಬಹುಮಟ್ಟಿಗೆ ನಿಂತಿತು. ಗುರುಗಳು ಬಸ್ ಚಾರ್ಜಿನ ಹೊರತು ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಪ್ಯಾಲೆಸ್ಟ್ರೀನಾನನ್ನು ಕೇಳಿ, “ಇದರಲ್ಲಿ ವಿಲಂಬಿತದ ನೆಮ್ಮದಿ ಇದೆ” ಎಂದ ಅವರ ಮಾತಿಗಿಂತ ದೊಡ್ಡ ವಿಮರ್ಶೆ ನಮಗೆ ಬಂದಿಲ್ಲ.

42ರ ಪಲ್ಲವಿಯಂಥ ಸಾಲು 43ನೆಯ ಕೀರ್ತನೆಯ ಕೊನೆಯಲ್ಲೂ ಮರಳಿ ಬರುತ್ತದೆ. ಎರಡೂ ಮೂಲತಃ ಒಂದೇ ಎಂದು ಭಾವಿಸುವವರೂ ಇದ್ದಾರೆ. ಅದಕ್ಕಾಗಿ ಎರಡನೆಯದಾಗಿ ಮೆಂಡೆಲ್ಸನ್ 43ನೆಯ ಕೀರ್ತನೆಗೆ 1844ರಲ್ಲಿ ಎಂಟು ಧ್ವನಿಗಳಿಗಾಗಿ ಬರೆದ ರಚನೆಯನ್ನು ಇಟ್ಟುಕೊಂಡೆವು. ಇದ್ದ ಟೆನರುಗಳು ಐವರೇ, ಎರಡಾಗಿ ಒಡೆದರೆ ಇಬ್ಬರು ಒಂದು ಕಡೆ. ಆದರೂ ಇಲ್ಲಿ ಧೈರ್ಯ ಮಾಡಲು ಕಾರಣವಿತ್ತು: ಆರಂಭದಲ್ಲಿ ಗಂಡು ಧ್ವನಿಗಳೆಲ್ಲ ಒಂದೇ ಸಾಲನ್ನು ಹಿಡಿಯುತ್ತವೆ, ಹೆಣ್ಣು ಧ್ವನಿಗಳು ನಾಲ್ಕಾಗಿ ಉತ್ತರಿಸುತ್ತವೆ, ಹೀಗಾಗಿ ಎಂಟು ಭಾಗಗಳ ಭಾರ ಉದ್ದಕ್ಕೂ ಹೆಗಲ ಮೇಲಿರುವುದಿಲ್ಲ. ಆ ಇಬ್ಬರು ಟೆನರುಗಳಿಗೆ, ವಿಶೇಷವಾಗಿ ಹುಮನಾಬಾದಿನಿಂದ ಪಾಳಿ ಮುಗಿಸಿ ಬರುತ್ತಿದ್ದ ತಮ್ಮನಿಗೆ, ನಾನು ಋಣಿ.

ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಓದಲು ಬಾರದ ಹನ್ನೊಂದು ಮಂದಿಗಾಗಿ ಮೆಂಡೆಲ್ಸನ್ನನ ಎಂಟೂ ಸಾಲುಗಳನ್ನು ಡೊ, ರೆ, ಮಿ ಅಕ್ಷರಗಳಲ್ಲಿ ಬರೆಯುವ ಟಾನಿಕ್ ಸೋಲ್ಫಾಗೆ ಕೈಯಿಂದ ಬರೆದುಕೊಟ್ಟವರು ನಿವೃತ್ತ ಶಿಕ್ಷಕಿಯಾದ ನಮ್ಮ ದೊಡ್ಡಕ್ಕನವರು. ಕಣ್ಣಿನ ಪೊರೆಯ ಆಪರೇಷನ್ನಿಗೆ ಮುಂಚೆ ಮುಗಿಸಬೇಕೆಂದು ರಾತ್ರಿ ಕುಳಿತು ಬರೆದ ಆ ಎರಡು ನೋಟುಬುಕ್ಕುಗಳಲ್ಲಿ ನಾನು ಹುಡುಕಿದಷ್ಟೂ ಒಂದೇ ತಪ್ಪು ಸಿಕ್ಕಿತು, ಅದೂ ನನ್ನ ಪ್ರತಿಯಲ್ಲಿದ್ದ ಅಚ್ಚಿನ ದೋಷ.

ಬ್ರೂಕ್ನರನ 1869ರ ‘ಲೋಕುಸ್ ಇಸ್ತೆ’ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ನಲವತ್ತೆಂಟೇ ತಾಳದ ಅಳತೆಗಳ (ಬಾರ್‌ಗಳ) ಹಾಡು, ಶಾಲಾ ಮಕ್ಕಳೂ ಹಾಡುತ್ತಾರೆ. ಪಳಗಿದ ಕ್ವಾಯರಿಗೆ ಇದೇಕೆ ಎಂದು ಕೇಳಿದವರಿದ್ದರು. ಮುಗಿಯುವ ಮುನ್ನ ಎಲ್ಲ ಧ್ವನಿಗಳೂ ಒಟ್ಟಿಗೆ ನಿಂತು ಮೌನವಾಗುವ ಸ್ಥಳವೊಂದು ಅದರಲ್ಲಿದೆ. ಉಸಿರು ಬಿಗಿಹಿಡಿದು, ಶ್ರುತಿಯನ್ನು ಮನಸ್ಸಿನಲ್ಲೇ ಉಳಿಸಿಕೊಂಡು, ಮತ್ತೆ ಮೆಲ್ಲಗೆ ಒಂದಾಗಿ ಹೊರಡಬೇಕು. ಭಾನುವಾರ ಆ ಮೌನದಲ್ಲಿ ಹೊರಗೊಂದು ಆಟೋ ಹಾರ್ನ್ ಹೊಡೆದರೂ ಒಳಗೆ ಯಾರೂ ಕೆಮ್ಮಲಿಲ್ಲ, ಮುಗಿಯಿತೆಂದು ಚಪ್ಪಾಳೆ ತಟ್ಟಲಿಲ್ಲ. ಕೇಳಲು ಬಂದ ತಮ್ಮೆಲ್ಲರಿಗೂ ಅದಕ್ಕಾಗಿ ನನ್ನ ನಮಸ್ಕಾರಗಳು.

ಬಿಟ್ಟುಹೋಗಿದ್ದ ನಾಲ್ವರಲ್ಲಿ ಮೂವರು ಅಂದು ಹಾಡಿದರು. ನಾಲ್ಕನೆಯವರು ಕೊನೆಯ ಬೆಂಚಿನಲ್ಲಿ ಕುಳಿತು ಕೇಳಿದರು. ಅವರ ಪುಸ್ತಕ ಟೆನರ್ ಸಾಲಿನಲ್ಲಿ ಈಗಲೂ ಹಾಗೆಯೇ ಇದೆ.