ರಾತ್ರಿ ಹಾರಾಟಕ್ಕೆ ಹಗಲು ನಿದ್ದೆಯ ಲೆಕ್ಕ

ಮಾನ್ಯರೇ,

ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಪೈಲಟ್ ಆಗುವ ಆಸೆಯಿರುವ ಮಲೆನಾಡಿನ ಮಕ್ಕಳು ಸರಕು ವಿಮಾನದ ರಾತ್ರಿಪಾಳಿಯನ್ನೂ ಅರಿತಿರಲಿ. ಬೆಳಗಿನ ಜಾವ 2ರಿಂದ 6ರ ನಡುವೆ ಮೈಬಿಸಿ ಇಳಿದು ಎಚ್ಚರ ಕುಸಿಯುತ್ತದೆ. ಎಷ್ಟು ವರ್ಷ ಹಾರಿದರೂ ಇದು ಪೂರ್ತಿ ಪಳಗದು.

ಹೊರಡುವ ದಿನ ಸಂಜೆ 90 ನಿಮಿಷ ಮಲಗಬೇಕು. ಬೆಳಿಗ್ಗೆ 8ಕ್ಕೆ ಮಲಗುವವರು ರಾತ್ರಿ 2ರ ನಂತರ ಕಾಫಿ ಮುಟ್ಟಬಾರದು. ಐದಾರು ಗಂಟೆ ಕಳೆದರೂ ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತದೆ. ಇಳಿದ ಕೂಡಲೇ ತಾವೇ ಕಾರು ಓಡಿಸಿಕೊಂಡು ಘಾಟಿ ಹತ್ತುವುದಂತೂ ಬೇಡವೇ ಬೇಡ.

ಮನೆಯಲ್ಲಿ ಕಿಟಕಿಗೆ ದಪ್ಪ ಕಪ್ಪು ಪರದೆ, ಬಾಗಿಲ ಸಂದಿಗೆ ಮಡಿಸಿದ ಕಂಬಳಿ. ಅಡಿಕೆ ಸುಲಿಯುವ ಯಂತ್ರದ ಸದ್ದಿಗೆ ಇಯರ್‌ಪ್ಲಗ್ ಇದೆ. ‘ಇಷ್ಟೊತ್ತಾದರೂ ಎದ್ದಿಲ್ಲವಾ’ ಎನ್ನುವ ನೆಂಟರಿಗೆ ಮಾತ್ರ ಮದ್ದಿಲ್ಲ.

– ಸರಕು ವಿಮಾನದ ಪೈಲಟ್, ತೀರ್ಥಹಳ್ಳಿ