ಡಬ್ಬಾ, ನಿನ್ನ ಪಕ್ಕದ ಕುರ್ಚಿಯಿಂದ

ಲೋ ಡಬ್ಬಾ,

ನೀನು ಕಳಿಸಿದ್ದ ಲಿಂಕ್ ನೋಡಿದೆ. ‘ನೋಡು, ನಿಂಗಿಷ್ಟ ಆಗತ್ತೆ’ ಅಂತ ಬೇರೆ ಬರೆದಿದ್ದೆ. ಇಷ್ಟವೇನೋ ಆಯ್ತು, ಆಮೇಲೆ ಬೇರೇನೋ ಆಯ್ತು, ಅದಕ್ಕೇ ಈ ಪತ್ರ. ವಾಟ್ಸಾಪಿನಲ್ಲಿ ಬರೆದರೆ ನೀನೊಂದು ಹೆಬ್ಬೆಟ್ಟು ಒತ್ತಿ ಮುಗಿಸಿಬಿಡ್ತೀಯ. ಹತ್ತು ಜನರ ಎದುರಿಗೆ ಬರೆದರೆ ಮರ್ಯಾದೆಗೆ ಅಂಜಿಯಾದರೂ ಪೂರ್ತಿ ಓದ್ತೀಯ. (ಉಳಿದ ಓದುಗರಿಗೆ: ಇವನಿಗೆ ಡಬ್ಬಾ ಅಂತ ಯಾಕೆ ಹೆಸರು ಬಂತು ಅಂತ ಕೇಳಬೇಡಿ. ಈಗ ಇಬ್ಬರು ಮಕ್ಕಳ ತಂದೆ, ಮ್ಯಾಂಚೆಸ್ಟರಿನಲ್ಲಿ ಮನೆ ಮಾಡಿಕೊಂಡು ಭಾನುವಾರ ಹುಲ್ಲು ಕತ್ತರಿಸುವ ಗೌರವಸ್ಥ.)

ಬ್ರಿಟನ್ನಿನ ವಿದ್ಯಾರ್ಥಿ ತಂಡಗಳ ಟೀವಿ ಕ್ವಿಜ್ ‘ಯೂನಿವರ್ಸಿಟಿ ಚಾಲೆಂಜ್’, 2009ರ ಫೈನಲ್. ಒಂದು ಕಡೆ ಆಕ್ಸ್‌ಫರ್ಡಿನ ಕಾರ್ಪಸ್ ಕ್ರಿಸ್ಟಿ ಕಾಲೇಜು, ಇನ್ನೊಂದು ಕಡೆ ನಿಮ್ಮೂರ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ. ನಡುವೆ, ಪ್ರಪಂಚದ ಮೇಲೆಲ್ಲ ಬೇಸರವಾದವನ ಹಾಗೆ ಕೂತ ಕ್ವಿಜ್ ಮಾಸ್ಟರ್ ಜೆರೆಮಿ ಪ್ಯಾಕ್ಸ್‌ಮನ್. ಟೀವಿಯಲ್ಲಿ ಒಂದು ತಂಡ ಮೇಲೆ, ಇನ್ನೊಂದು ಕೆಳಗೆ ಕಾಣತ್ತಲ್ಲ, ನನ್ನ ಹೆಂಡತಿ ಬಂದು ನೋಡಿ, ‘ಮೇಲಿನವರ ಕಾಲು ಕೆಳಗಿನವರ ತಲೆಗೆ ತಾಗಲ್ವೇನ್ರೀ’ ಅಂದಳು. ನಿಜದಲ್ಲಿ ಅಕ್ಕಪಕ್ಕವೇ ಕೂತಿರ್ತಾರೆ, ತೋರಿಸೋದು ಮಾತ್ರ ಹಾಗೆ ಅಂತ ವಿವರಿಸಿದೆ. ‘ಅಷ್ಟು ಓದಿದವರನ್ನ ಅಟ್ಟಕ್ಕೆ ಹತ್ತಿಸೋದ್ಯಾಕೆ’ ಅಂದು ಒಳಗೆ ಹೋದಳು. ಅವಳ ಜೊತೆ ವಾದಿಸಬಾರದು ಅಂತ ನಿನಗೂ ಗೊತ್ತು. ಉಪ್ಪಿಟ್ಟೇ ಸಾಕ್ಷಿ.

ಅಂತಿಮ ಅಂಕ 275–190. ಕಾಗದದ ಮೇಲೆ ನೋಡಿದರೆ ಒನ್ ಸೈಡೆಡ್ ಅನ್ನಿಸತ್ತೆ. ಅಲ್ಲ ಕಣೋ. ಮೊದಮೊದಲು ಮ್ಯಾಂಚೆಸ್ಟರೇ ಮುಂದಿತ್ತು. ಅಲ್ಲಿ ಬಜರ್ ಪ್ರಶ್ನೆಗೆ ಹತ್ತು ಅಂಕ, ಅದನ್ನು ಹೊಡೆದವರಿಗೆ ತಲಾ ಐದರ ಮೂರು ಬೋನಸ್. ಅಂದರೆ ಒಂದು ಬಜರ್‌ಗೆ ಹೆಚ್ಚೆಂದರೆ ಇಪ್ಪತ್ತೈದು. ಈಗ ಹಾಗೊಂದು ಇಪ್ಪತ್ತೈದನ್ನು ಕಾರ್ಪಸ್‌ನಿಂದ ಕಿತ್ತು ಮ್ಯಾಂಚೆಸ್ಟರಿಗೆ ಕೊಡು. ಇನ್ನೊಂದನ್ನೂ ಕೊಡು. ಎಷ್ಟಾಯ್ತು? 225–240. ಎರಡೇ ಎರಡು ಬಜರ್, ಅರ್ಧ ಸೆಕೆಂಡಿನ ಆಟ. ಎಂಬತ್ತೈದು ಅಂಕ ಅಂತ ಬಾಯಿ ಬಿಡುವವರಿಗೆ ಕ್ವಿಜ್ ಗೊತ್ತಿಲ್ಲ ಅಂತ ನೀನೇ ಹೇಳ್ತಿದ್ದೆ. ಆಗ ನಾವು ಸೋತಿದ್ದೆವು, ಅದು ಬೇರೆ ವಿಷಯ.

ಆ ಎರಡೂ ಬಜರನ್ನು ಬಿಟ್ಟುಕೊಡದೆ ಇದ್ದವಳು ಗೇಲ್ ಟ್ರಿಂಬಲ್. ಲ್ಯಾಟಿನ್ ಸಾಹಿತ್ಯದಲ್ಲಿ ಸಂಶೋಧನೆ ಮಾಡ್ತಿದ್ದ ಹುಡುಗಿ. ಫೈನಲ್‌ಗೆ ಬರುವಷ್ಟರಲ್ಲಿ ತಂಡದ 1,235 ಅಂಕಗಳಲ್ಲಿ 825 ಅವಳೊಬ್ಬಳದೇ. ಪ್ಯಾಕ್ಸ್‌ಮನ್ ಪ್ರಶ್ನೆ ಮುಗಿಸೋಕೆ ಮುಂಚೆ ಗಂಟೆ ಹೊಡೆಯೋದು, ಆ ಹಿನ್ನೆಲೆಯ ದನಿ ‘ಕಾರ್ಪಸ್ ಕ್ರಿಸ್ಟಿ, ಟ್ರಿಂಬಲ್!’ ಅಂತ ಕೂಗೋದು, ಇವಳು ಒಂದು ಸಣ್ಣ ನಗೆ ನಕ್ಕು ಉತ್ತರ ಹೇಳೋದು. ಆ ನಗುವಿಗೇ ಊರವರೆಲ್ಲ ಅವಳನ್ನ ಬೈದರು: ಜಂಬ, ಕೊಬ್ಬು, ಇನ್ನೂ ಏನೇನೋ. ಗಂಡಸು ನಕ್ಕಿದ್ದರೆ ಆತ್ಮವಿಶ್ವಾಸ ಅಂತಿದ್ದರು. ಸರಿ, ಅದರ ಬಗ್ಗೆ ನಿನ್ನ ಜೊತೆ ಜಗಳ ಇಲ್ಲ.

ನಾನು ಸಿಕ್ಕಿಹಾಕಿಕೊಂಡಿದ್ದು ಬೇರೆ ಕಡೆ. ಎರಡನೇ ಸಲ ನೋಡುವಾಗ ನಾನು ಅವಳನ್ನ ಬಿಟ್ಟು ಅವಳ ತಂಡದ ಉಳಿದ ಮೂವರನ್ನ ನೋಡ್ತಾ ಕೂತೆ. ಬಜರ್ ಪ್ರಶ್ನೆಗೆ ಒಬ್ಬರಿಗೊಬ್ಬರು ಮಾತಾಡುವ ಹಾಗಿಲ್ಲ. ಪ್ರಶ್ನೆ ಮುಗಿಯೋಕೆ ಮೊದಲೇ ಒತ್ತಿ ತಪ್ಪಿದರೆ ಐದು ಕಟ್. ಬೋನಸ್‌ಗೆ ಮಾತ್ರ ಪಿಸಪಿಸ ಮಾಡಬಹುದು. ಆಗ ಮೂವರೂ ಅವಳ ಕಡೆ ವಾಲ್ತಾರೆ. ಏನೋ ಹೇಳ್ತಾರೆ, ಅವಳು ತಲೆ ಆಡಿಸ್ತಾಳೆ, ಆಮೇಲೆ ಮುಂದೆ ತಿರುಗಿ ಉತ್ತರ ಕೊಡ್ತಾಳೆ. ಅವರು ಹೇಳಿದ್ದೋ ಅವಳದ್ದೋ ನೋಡುವವರಿಗೆ ತಿಳಿಯಲ್ಲ. ಆ ವಾಲುವಿಕೆ ಇದೆಯಲ್ಲ ಡಬ್ಬಾ, ಅದು ನನ್ನ ಬೆನ್ನಿಗೆ ಗೊತ್ತು.

ನಮ್ಮ ಜೋಡಿಯಲ್ಲಿ ಬಜರ್ ಯಾವತ್ತೂ ನಿನ್ನ ಕೈ ಕೆಳಗೇ ಇರ್ತಿತ್ತು. ಹಾಗಂತ ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ನಾನು ಕಿವಿಗೆ ಹೇಳ್ತಿದ್ದೆ, ನೀನು ಒತ್ತುತ್ತಿದ್ದೆ. ನಮ್ಮ ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ಗೆ ಹೋಗೋಣ ಅಂತ ನೀನು ಎಷ್ಟು ಸಲ ಕುಣಿದೆ, ನಾನು ಏನೇನೋ ನೆಪ ಹೇಳಿ ತಪ್ಪಿಸಿದೆ, ನೆನಪಿದೆಯಾ? ಅಲ್ಲಿ ಒಬ್ಬೊಬ್ಬರೇ ಆಡಬೇಕು. ಗೆದ್ದರೆ ಪುಸ್ತಕ ಸಿಗೋದು ನಿಜ, ಆದರೆ ಸೋತರೆ ಪಕ್ಕಕ್ಕೆ ತಿರುಗಿ ನೋಡೋಕೆ ಯಾರೂ ಇಲ್ಲ. ಆಗ ನೀನು ನನ್ನ ಬಾಯಿ ಕಟ್ಟಿಹಾಕಿದೆ ಅಂತ ಒಳಗೊಳಗೇ ಗೊಣಗ್ತಿದ್ದೆ. ಈಗ ಅನ್ನಿಸ್ತಿದೆ, ಆ ಜಾಗ ನನಗೆ ಹಿತವಾಗೇ ಇತ್ತು. ತಪ್ಪಾದರೆ ಅದು ಡಬ್ಬಾ ಮಾಡಿದ ಎಡವಟ್ಟು, ಸರಿಯಾದರೆ ‘ನಾವು’ ಗೆದ್ದೆವು. ಇದಕ್ಕಿಂತ ಒಳ್ಳೆಯ ಕುರ್ಚಿ ಯಾವನಿಗೆ ಸಿಗತ್ತೆ?

ಬರೆಯಬಾರದು ಅಂದುಕೊಂಡಿದ್ದೆ, ಇರಲಿ. ನೀನು ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಸಪ್ಪಗಿದ್ದಾಗ ನಾನೊಬ್ಬನೇ ಜೋಕು ಹೊಡೆದು ನಗಿಸ್ತಿದ್ದೆ. ನಿಮ್ಮಮ್ಮ, ‘ಇವನೊಬ್ಬ ಗಟ್ಟಿಗ’ ಅಂದರು. ಗಟ್ಟಿತನ ಅಲ್ಲ ಕಣೋ, ಖುಷಿ. ಇನ್ನು ಈ ಊರಲ್ಲಿ ಏನೇ ಕೇಳಬೇಕಾದರೂ ನನ್ನನ್ನೇ ಕೇಳ್ತಾರೆ ಅನ್ನೋ ಖುಷಿ. ನಿನ್ನ ಬಸ್ಸು ತಿರುಗಿ ಮರೆಯಾಗುವ ಹೊತ್ತಿಗೆ ನಾನು ಮನಸ್ಸಿನಲ್ಲಿ ಬಜರ್ ಮೇಲೆ ಕೈ ಇಟ್ಟಾಗಿತ್ತು.

ಕೇಳಿದರು ಕೂಡ. ಆದರೆ ಕೈ ಏಳಲಿಲ್ಲ. ಇಷ್ಟು ವರ್ಷವಾದರೂ ಆಫೀಸಿನ ಮೀಟಿಂಗಿನಲ್ಲಿ ಸಾಹೇಬರು ಏನಾದರೂ ಕೇಳಿದರೆ, ನನಗೆ ಗೊತ್ತಿದ್ದರೆ, ನಾನು ಪಕ್ಕದವನ ಕಿವಿಗೆ ಹೇಳ್ತೀನಿ. ಅವನು ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಹೇಳ್ತಾನೆ. ಹೋದ ಸಲ ಅವನಿಗೆ ಬಡ್ತಿ ಬಂತು. ಹೆಸರು ಬೇಡ, ಅವನೂ ಇದನ್ನ ಓದ್ತಾನೆ. ಓದೋಕೆ ಮುಂಚೆ ಲೈಕ್ ಒತ್ತಿರ್ತಾನೆ, ಒತ್ತೋದರಲ್ಲಿ ಅವನು ನಿನಗಿಂತ ಚುರುಕು.

ಆ ಫೈನಲ್‌ನ ಮುಂದಿನ ಕಥೆ ನಿಮ್ಮೂರಿನದ್ದೇ ಆದ್ದರಿಂದ ನಿನಗೆ ಗೊತ್ತಿರಲೇಬೇಕು. ಫೆಬ್ರವರಿ 23ಕ್ಕೆ ಪ್ರಸಾರವಾಯ್ತು, ವಾರ ಕಳೆಯುವಷ್ಟರಲ್ಲಿ ಕಾರ್ಪಸ್‌ನಿಂದ ಟ್ರೋಫಿ ಕಿತ್ತುಕೊಂಡರು. ತಂಡದ ಒಬ್ಬ ಕೆಮಿಸ್ಟ್ರಿ ಹುಡುಗ 2008ರಲ್ಲೇ ಡಿಗ್ರಿ ಮುಗಿಸಿದ್ದ. ಅಲ್ಲೇ ಸಂಶೋಧನೆಗೆ ಸೇರುವ ಆಸೆ ಇತ್ತು, ದುಡ್ಡು ಮಂಜೂರಾಗಲಿಲ್ಲ, ಲೆಕ್ಕಪತ್ರದ ಕೆಲಸಕ್ಕೆ ಸೇರಿಕೊಂಡ. ಮೊದಲ ಸುತ್ತುಗಳ ಚಿತ್ರೀಕರಣದ ಹೊತ್ತಿಗೆ ವಿದ್ಯಾರ್ಥಿ, ಕೊನೆಯ ಸುತ್ತುಗಳ ಹೊತ್ತಿಗೆ ಅಲ್ಲ. ನಿಯಮ ನಿಯಮವೇ ಅಂತ ಮ್ಯಾಂಚೆಸ್ಟರನ್ನ ವಿಜೇತ ಅಂತ ಘೋಷಿಸಿದರು. ಸ್ಟುಡಿಯೋ ಇಲ್ಲ, ಗಾಂಗ್ ಇಲ್ಲ, ಚಪ್ಪಾಳೆ ಇಲ್ಲ. ನಿಮ್ಮವರಿಗೇನು, 2006ರಲ್ಲಿ ಗೆದ್ದಿದ್ದರು, ಆಮೇಲೆ 2012, 2013ರಲ್ಲಿ ಯಾರ ಹಂಗೂ ಇಲ್ಲದೆ ಗೆದ್ದರು. ಜನ ಟ್ರಿಂಬಲ್‌ಗೆ ಅನ್ಯಾಯವಾಯ್ತು ಅಂದರು, ಮ್ಯಾಂಚೆಸ್ಟರಿಗೆ ನ್ಯಾಯ ಸಿಕ್ಕಿತು ಅಂದರು. ನನ್ನ ತಲೆಯಲ್ಲಿ ಆ ಹುಡುಗನೇ ಕೂತಿದ್ದಾನೆ. ಟೀವಿಯಲ್ಲಿ ಫೈನಲ್ ಬರುವಾಗ ಅವನು ಎಲ್ಲಿ ಕೂತು ನೋಡಿದನೋ. ಪಕ್ಕದಲ್ಲಿ ಕೂರುವ ಹಕ್ಕು ಎಂದೋ ಮುಗಿದಿದೆ, ಇನ್ನೂ ಯಾರೂ ಎದ್ದೇಳು ಅಂದಿಲ್ಲ. ಆ ಸ್ಥಿತಿಯಲ್ಲಿ ನಾನು ಬಹಳ ದಿನ ಇದ್ದೇನೆ ಅನ್ನಿಸ್ತು.

ಥೂ, ಏನೇನೋ ಬರೆದೆ. ಇದನ್ನ ಓದಿ ನೀನು ಗಾಬರಿಯಿಂದ ಫೋನ್ ಮಾಡಬೇಡ. ಮಾಡಿದರೂ ನಮ್ಮ ರಾತ್ರಿ ಎರಡು ಗಂಟೆಗೆ ಮಾಡಬೇಡ, ಟೈಮ್ ಝೋನ್ ಕಲಿ, ಕ್ವಿಜ್ ಚಾಂಪಿಯನ್ ಅಂತೆ. ಮಧ್ಯವಯಸ್ಸಿನವನಿಗೆ ಸಕ್ಕರೆ ಕಡಿಮೆಯಾದಾಗ ಹೀಗೆಲ್ಲ ಅನ್ನಿಸತ್ತೆ ಅಂತ ಡಾಕ್ಟರೇ ಹೇಳಿದ್ದಾರೆ. ಡಾಕ್ಟರ್ ಹೇಳಿಲ್ಲ, ಹೆಂಡತಿ ಹೇಳಿದಳು.

ಖುಷಿಯ ವಿಷಯ ಒಂದಿದೆ. ಇದೇ ನಿಮ್ಮ ಮ್ಯಾಂಚೆಸ್ಟರಿನ ಹುಡುಗರು 1975ರಲ್ಲಿ ಹೋಗಿ ಕೂತು, ಪ್ಯಾಕ್ಸ್‌ಮನ್‌ಗೂ ಹಿಂದಿನ ಕಾಲ, ಪ್ರಶ್ನೆಗಳಿಗೆ ಟ್ರಾಟ್‌ಸ್ಕಿ, ಲೆನಿನ್, ಮಾರ್ಕ್ಸ್, ಚೆ ಗೆವಾರ ಅಂತ ಉತ್ತರ ಕೊಟ್ಟರಂತೆ. ಆಕ್ಸ್‌ಫರ್ಡ್, ಕೇಂಬ್ರಿಜ್ ಒಂದೊಂದು ಕಾಲೇಜಿಗೂ ಒಂದೊಂದು ತಂಡ ಕಳಿಸಬಹುದು, ಉಳಿದ ಬಹುತೇಕ ವಿಶ್ವವಿದ್ಯಾಲಯಗಳಿಗೆ ಒಂದೇ ತಂಡ, ಅದರ ವಿರುದ್ಧ ಪ್ರತಿಭಟನೆ. ಓದಿದ ತಕ್ಷಣ, ಉತ್ತರ ಗೊತ್ತಿಲ್ಲದಾಗ ನಾವು ‘ಮಯೂರವರ್ಮ’ ಅಂತಿದ್ದದ್ದು ನೆನಪಾಗಿ ಒಬ್ಬನೇ ಬಿದ್ದು ಬಿದ್ದು ನಕ್ಕೆ. ನಾವೂ ಪ್ರತಿಭಟನೆಯೇ ಮಾಡಿದ್ದು ಅಂತ ಇನ್ನು ಮುಂದೆ ಹೇಳೋಣ. ಗೊತ್ತಿರಲಿಲ್ಲ ಅನ್ನೋದು ನಮ್ಮಿಬ್ಬರಲ್ಲೇ ಇರಲಿ. ಓಹ್, ಇದನ್ನ ಎಲ್ಲರೂ ಓದ್ತಿದ್ದಾರೆ.

ನಿನ್ನ ಮಗಳು ಅಲ್ಲಿ ಶಾಲೆಯ ಕ್ವಿಜ್‌ಗೆ ಸೇರಿದ್ದಾಳೆ ಅಂದೆಯಲ್ಲ, ಬಜರ್ ಮೇಲೆ ಯಾರು ಕೈ ಇಡ್ತಾರೆ ಕೇಳು. ಕೇಳಿ ನನಗೆ ಹೇಳು. ಸುಮ್ಮನೆ, ಕುತೂಹಲಕ್ಕೆ.

ಇಂತಿ ನಿನ್ನ,
ಬೋನಸ್