ಎತ್ತಿದ ನೀರು ಎಲ್ಲಿಗೆ ಹೋಗುತ್ತೆ ಮೇಡಂ?

ಮಾನ್ಯ ಸಂಪಾದಕರೇ,

ವಯಸ್ಸಾದವರು ವಿದೇಶ ಪ್ರವಾಸಕ್ಕೆ ಹೋದರೆ ಗುಂಪು ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಬಾರದು ಎಂದು ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು. ಭಾಷೆ ಬರುವುದಿಲ್ಲ, ದಾರಿ ಗೊತ್ತಿರುವುದಿಲ್ಲ ಅನ್ನುವುದು ಅವರ ಚಿಂತೆ. ಆ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಈ ಜೂನ್‌ನಲ್ಲಿ ನಾನು ಮತ್ತು ನನ್ನ ಅಕ್ಕ ನೆದರ್ಲೆಂಡ್ಸ್‌ನಲ್ಲಿ ಗುಂಪು ಬಿಟ್ಟು ಒಂದು ಇಡೀ ದಿನ ಸುತ್ತಾಡಿದೆವು. ನನಗೆ 64, ಅಕ್ಕನಿಗೆ 69, ಅವಳಿಗೆ ಮಂಡಿ ನೋವು ಬೇರೆ. ಎಂಟು ದಿನದ ಪ್ರವಾಸದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಪೂರ್ತಿ ನೆನಪಿರುವುದು ಆ ಒಂದೇ ದಿನ.

ಅಕ್ಕನ ಮಗ ನಮ್ಮಿಬ್ಬರನ್ನು ನದಿಯ ಮೇಲೆ ಹೋಗುವ ಪ್ರವಾಸಿ ಹಡಗಿಗೆ ಹತ್ತಿಸಿದ್ದ. ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಟ ಹಡಗು ಮೂರನೇ ದಿನ ಬೆಳಿಗ್ಗೆ ರಾಟರ್‌ಡ್ಯಾಮ್‌ನಲ್ಲಿ ನಿಂತಿತು. ಗುಂಪಿನವರೆಲ್ಲ ಬಸ್ಸಿನಲ್ಲಿ ಡೆಲ್ಫ್ಟ್ ಊರಿನ ನೀಲಿ ಪಿಂಗಾಣಿ ನೋಡಲು ಹೊರಟರು. ನಾನು ಬರುವುದಿಲ್ಲ ಎಂದೆ. ಅಷ್ಟು ದೂರ ಬಂದು ಹಳೆಯ ಗಾಳಿಗಿರಣಿಗಳ ಊರಾದ ಕಿಂಡರ್‌ಡೈಕ್ ನೋಡದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಕಾರಣ ಹೇಳುತ್ತೇನೆ. ಕೋಲಾರ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ನಾನು 31 ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಪ್ರತಿ ವರ್ಷ ಯೂರೋಪಿನ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ನಾಲ್ಕು ರೆಕ್ಕೆಯ ಗಾಳಿಗಿರಣಿ ಬರೆಯುತ್ತಿದ್ದೆ. 'ನೆದರ್ಲೆಂಡ್ಸ್‌ನ ಸುಮಾರು ಕಾಲುಭಾಗ ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಅಲ್ಲಿಯ ಜನ ಗಾಳಿಯಿಂದ ನೀರೆತ್ತಿ ಹೊರಗೆ ಹಾಕುತ್ತಾರೆ' ಅನ್ನುತ್ತಿದ್ದೆ. ಕೊಳವೆಬಾವಿ ಬತ್ತಿ, ಬಿಂದಿಗೆ ಹಿಡಿದು ಟ್ಯಾಂಕರ್ ಕಾಯುವ ಮನೆಗಳ ಮಕ್ಕಳು ಅವರು. ನೀರು ಜಾಸ್ತಿಯಾಗಿ ಹೊರಗೆ ಹಾಕುತ್ತಾರೆ ಅಂದರೆ ನಂಬುತ್ತಲೇ ಇರಲಿಲ್ಲ.

ಒಂದು ವರ್ಷ ಏಳನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: 'ಎತ್ತಿದ ನೀರು ಎಲ್ಲಿಗೆ ಹೋಗುತ್ತೆ ಮೇಡಂ? ಹೊಳೇನೂ ನೆಲಕ್ಕಿಂತ ಮೇಲಿದೆ ಅಂದ್ರಲ್ಲ, ವಾಪಸ್ ಬರಲ್ವಾ?' ಅವನ ಅಪ್ಪ ಊರ ಕೆರೆಯ ನೀರಗಂಟಿ. ತೂಬು ಎತ್ತುವುದು, ಗದ್ದೆಗೆ ಸರದಿಯಲ್ಲಿ ನೀರು ಬಿಡುವುದು ನೋಡಿಕೊಂಡೇ ಬೆಳೆದ ಹುಡುಗ. ಅವನಿಗೆ ಬಂದ ಪ್ರಶ್ನೆ ನನಗೆ ಅಷ್ಟು ವರ್ಷ ಬಂದಿರಲಿಲ್ಲ. 'ಸಮುದ್ರಕ್ಕೆ ಹೋಗುತ್ತೆ, ಕೂತ್ಕೋ' ಎಂದುಬಿಟ್ಟೆ. ಅದು ಉತ್ತರವಲ್ಲ ಎಂದು ಅವನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

ಆ ದಿನ ನಾವು ಹೊರಡುವ ಮೊದಲು ಮಾಡಿದ್ದು ಇಷ್ಟೇ. ಹಡಗಿನ ಸ್ವಾಗತ ಮೇಜಿಗೆ ಹೋಗಿ, ಹಡಗು ಸಂಜೆಯವರೆಗೆ ಇದೇ ಜಾಗದಲ್ಲಿ ಇರುತ್ತದಾ ಎಂದು ಕೇಳಿದೆವು. ಕೆಲವೊಮ್ಮೆ ಬೇರೆ ಕಟ್ಟೆಗೆ ಹೋಗಿ ನಿಲ್ಲುತ್ತವಂತೆ. ನಿಲ್ಲುವ ಜಾಗದ ಹೆಸರು, ಹಡಗಿನ ಫೋನ್ ನಂಬರ್, ಹತ್ತಬೇಕಾದ ಕೊನೆಯ ಸಮಯ, ಮೂರನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಂಡು ಇಬ್ಬರೂ ಒಂದೊಂದು ಇಟ್ಟುಕೊಂಡೆವು. ಆರು ಗಂಟೆಗೆ ಹಡಗು ಹತ್ತಬೇಕಿತ್ತು. ನಾವು ನಾಲ್ಕಕ್ಕೇ ವಾಪಸ್ ಎಂದು ನಿಶ್ಚಯ ಮಾಡಿಕೊಂಡೆವು. ಬ್ರೆಡ್ಡು, ಊರಿಂದ ತಂದಿದ್ದ ಕಡಲೆಬೀಜದ ಚಟ್ನಿಪುಡಿ, ಮಳೆಗೆ ಒಂದೊಂದು ಕೋಟು ತೆಗೆದುಕೊಂಡೆವು. ಅಲ್ಲಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ.

ಎರಾಸ್ಮಸ್ ಸೇತುವೆಯ ಬುಡದಿಂದ ವಾಟರ್‌ಬಸ್ ಹೊರಡುತ್ತದೆ. ನಮ್ಮ ಸಿಟಿ ಬಸ್ಸಿನ ಹಾಗೆಯೇ, ನೀರಿನ ಮೇಲೆ ಅಷ್ಟೇ. 1996ರಲ್ಲಿ ತೆರೆದ ಆ ಬಿಳಿ ಸೇತುವೆಯನ್ನು ಊರಿನವರು ಹಂಸ ಎಂದು ಕರೆಯುತ್ತಾರೆ. ಕತ್ತು ಚಾಚಿದ ಹಂಸದಂತೆಯೇ ಇದೆ. ಊರಿನ ನಡುವೆ ಹಳೆಯ ಕಟ್ಟಡ ಹೆಚ್ಚು ಕಾಣುವುದಿಲ್ಲ. 1940ರ ಮೇ 14ರಂದು ಜರ್ಮನಿಯ ವಿಮಾನಗಳು ಬಾಂಬ್ ಹಾಕಿ ಊರಿನ ಹೃದಯಭಾಗವನ್ನೇ ಸುಟ್ಟುಬಿಟ್ಟವು. ಅದನ್ನು ಪಾಠದಲ್ಲಿ ಹೇಳಿದ್ದೆ. ದೋಣಿಯ ಕಿಟಕಿಯಿಂದ ಆ ಹೊಸ ಗಾಜಿನ ಕಟ್ಟಡಗಳ ಸಾಲು ನೋಡುವಾಗ ಅಕ್ಕ ಏನೂ ಮಾತಾಡದೆ ನನ್ನ ಕೈ ಹಿಡಿದುಕೊಂಡಳು.

ಕಿಂಡರ್‌ಡೈಕ್‌ನಲ್ಲಿ ಇಳಿದು ಕಟ್ಟೆ ಹತ್ತಿದೆವು. ನಮ್ಮ ಕೆರೆ ಕಟ್ಟೆಯ ಹಾಗೇ ಇದೆ, ಮೇಲೆ ರಸ್ತೆ. ಅಲ್ಲಿ ನಿಂತು ಹಿಂದೆ ಮುಂದೆ ನೋಡಿದೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಹಸುಗಳು ಮೇಯುವ ಹುಲ್ಲುಗಾವಲು. ಹೊಳೆ ಮೇಲೆ, ಹುಲ್ಲುಗಾವಲು ಕೆಳಗೆ. 31 ವರ್ಷ ಬಾಯಲ್ಲಿ ಹೇಳಿದ್ದನ್ನು ಮೊದಲ ಸಲ ಕಣ್ಣಲ್ಲಿ ಕಂಡೆ. ನನಗೆ ಅಳುವೇ ಬಂತು.

ಅಲ್ಲಿ 19 ಗಿರಣಿಗಳಿವೆ. ಹೆಸರು ಗಿರಣಿ, ಆದರೆ ಇವು ಹಿಟ್ಟು ಬೀಸುವುದಿಲ್ಲ, ನೀರೆತ್ತುವುದೇ ಇವುಗಳ ಕೆಲಸವಾಗಿತ್ತು. ಕಾಲುವೆಯ ಒಂದು ಪಕ್ಕ 1738ರಲ್ಲಿ ಕಟ್ಟಿದ ಎಂಟು ಇಟ್ಟಿಗೆಯ ಗಿರಣಿಗಳು. ಎದುರು ಪಕ್ಕ 1740ರ ಎಂಟು, ಜೊಂಡಿನ ಹೊದಿಕೆಯವು. ಉಳಿದ ಮೂರು ಅಕ್ಕಪಕ್ಕದಲ್ಲಿವೆ. 1997ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರೆಕ್ಕೆ ಬಿರುಸಾಗಿ ತಿರುಗುವಾಗ ನೆಲ ಸವರಿಕೊಂಡು ಹೋಗುತ್ತದೆ, ಹತ್ತಿರ ಹೋಗಬಾರದೆಂದು ಬೇಲಿ ಹಾಕಿದ್ದಾರೆ. ಮರದ ಚೌಕಟ್ಟಿನ ಮೇಲೆ ಬಟ್ಟೆ ಹರಡಿ ಗಾಳಿ ಹಿಡಿಯುತ್ತಾರೆ. ಗಾಳಿಯ ದಿಕ್ಕು ಬದಲಾದರೆ ಹಿಂದಿನ ಉದ್ದ ಮರ ತಳ್ಳಿ ಗಿರಣಿಯ ತಲೆಯನ್ನೇ ತಿರುಗಿಸುತ್ತಾರೆ.

ನೋಡಲು ತೆರೆದಿಟ್ಟ ಒಂದು ಗಿರಣಿಯೊಳಗೆ ಹೋದೆವು. ಒಳಗೆ ಪೂರ್ತಿ ಒಂದು ಸಂಸಾರದ ಮನೆ. ಗೋಡೆಯ ಕಪಾಟಿನೊಳಗೆ ಗಿಡ್ಡ ಹಾಸಿಗೆ, ಸಣ್ಣ ಒಲೆ, ತಲೆಯ ಮೇಲೆ ಗಡಗಡ ತಿರುಗುವ ಮರದ ಹಲ್ಲುಚಕ್ರ. ಅಕ್ಕ ಒಲೆಯ ಮುಂದೆ ತುಂಬ ಹೊತ್ತು ನಿಂತಳು. 'ಈ ಸದ್ದಲ್ಲಿ ಮಕ್ಕಳನ್ನ ಹೇಗೆ ಮಲಗಿಸ್ತಿದ್ದಳೋ ಆ ತಾಯಿ' ಎಂದಳು. ಉಳಿದ ಹಲವು ಗಿರಣಿಗಳಲ್ಲಿ ಇವತ್ತಿಗೂ ಜನ ವಾಸವಿದ್ದಾರೆ. ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು, ಕೈತೋಟದಲ್ಲಿ ಕೋಸು ಬೆಳೆದಿತ್ತು.

ನಿಂತ ರೆಕ್ಕೆಗೂ ಅಲ್ಲಿ ಭಾಷೆಯಿದೆ. ಒಂದು ರೆಕ್ಕೆ ನೆತ್ತಿ ಮುಟ್ಟುವ ಮೊದಲೇ ನಿಂತಿದ್ದರೆ ಆ ಮನೆಯಲ್ಲಿ ಸಂತೋಷ. ನೆತ್ತಿ ದಾಟಿ ಇಳಿಯುವಾಗ ನಿಂತಿದ್ದರೆ ಸಾವಿನ ದುಃಖ. ಇಂಥದ್ದನ್ನು ಬಸ್ಸಿನ ಮೈಕಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದು ಗಿರಣಿಯ ಎದುರು ಹುಲ್ಲಿನ ಮೇಲೆ ಕೂತು, ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು, ಸುಮ್ನೆ ಒಂದು ಗಂಟೆ ರೆಕ್ಕೆಗಳನ್ನೇ ನೋಡಬೇಕು. ಗುಂಪಿನಲ್ಲಿ ಹೋಗಿದ್ದರೆ ಆ ಒಂದು ಗಂಟೆ ನಮಗೆ ಎಲ್ಲಿ ಸಿಗುತ್ತಿತ್ತು?

ವಾಪಸ್ ಬರುವಾಗ ಒಂದು ತಪ್ಪಾಯಿತು, ತಪ್ಪು ನಮ್ಮದೇ. ದೋಣಿ ನಿಲ್ಲುವ ಕಟ್ಟೆಗಳಲ್ಲಿ ಬೇರೆ ಕಟ್ಟೆಯ ಮೇಲೆ ಕಾಯುತ್ತ ನಿಂತು ಒಂದು ದೋಣಿ ತಪ್ಪಿಸಿಕೊಂಡೆವು. ಎದೆ ಹೊಡೆದುಕೊಂಡಿತು. ಚೀಟಿ ತೋರಿಸಿ ಕೇಳಿದಾಗ ಸೈಕಲ್ ಹಿಡಿದಿದ್ದ ಒಬ್ಬ ಹುಡುಗಿ ಸರಿಯಾದ ಕಡೆಗೆ ಕರೆದುಕೊಂಡು ಹೋಗಿ, ಮುಂದಿನ ದೋಣಿ ಬರುವವರೆಗೂ ನಮ್ಮ ಜೊತೆಗೇ ನಿಂತಳು. ನಾಲ್ಕಕ್ಕೆ ಎಂದುಕೊಂಡವರು ಐದಕ್ಕೆ ತಲುಪಿದೆವು. ಇನ್ನೂ ಒಂದು ಗಂಟೆ ಕೈಯಲ್ಲಿತ್ತು. ಆದ್ದರಿಂದ ಹೋಗಬೇಡಿ ಎಂದು ಬರೆದ ಆ ಓದುಗರಿಗೆ ನನ್ನ ವಿನಂತಿ ಇಷ್ಟೇ: ಹೋಗಿ, ಕೈಯಲ್ಲಿ ಎರಡು ಗಂಟೆ ಮಿಗಿಸಿಕೊಂಡು ಹೋಗಿ. ಪ್ರವಾಸ ಏರ್ಪಡಿಸುವವರೂ ಹಿರಿಯರಿಗೆ ಅಂತ ಒಂದು ದಿನ ಖಾಲಿ ಬಿಡಿ. ಎಲ್ಲ ಗಂಟೆಯನ್ನೂ ತುಂಬಬೇಡಿ.

ಇನ್ನು ಆ ಹುಡುಗನಿಗೆ ಎರಡು ಮಾತು. ಈಗ ಅವನಿಗೆ ನಲವತ್ತು ದಾಟಿರಬೇಕು. ಈ ಪತ್ರಿಕೆ ಓದುತ್ತಾನೆ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಮಗು, ನಿನ್ನ ಪ್ರಶ್ನೆ ಸರಿಯಾಗಿತ್ತು. ಹೊಲದ ನೀರು ನೇರವಾಗಿ ಹೊಳೆಗೆ ಹೋಗುವುದಿಲ್ಲ. ಅಲ್ಲಿಯದು ಜೌಗು ನೆಲ. ನೀರು ಬಸಿದಷ್ಟೂ ಮಣ್ಣು ಕುಗ್ಗಿ ನೆಲ ಇಳಿಯುತ್ತಾ ಹೋಯಿತು, ಹೊಳೆ ಮೇಲೆ ಉಳಿಯಿತು. ಅದಕ್ಕೇ ನಡುವೆ ಎರಡು ಕಟ್ಟೆ ಹಾಕಿ ಎತ್ತರದಲ್ಲಿ ಒಂದು ಕೆರೆ ಮಾಡಿಕೊಂಡಿದ್ದಾರೆ. ಗಿರಣಿಯ ಕೆಳಗಿನ ದೊಡ್ಡ ಚಕ್ರ ಕೆಳಗಿನ ಕಾಲುವೆಯ ನೀರನ್ನು ಮೊಗೆದು ಆ ಕೆರೆಗೆ ಹಾಕುತ್ತಿತ್ತು. ಆಮೇಲೆ ಕಾಯುತ್ತಿದ್ದರು. ಸಮುದ್ರ ಇಳಿದಾಗ ಆ ಹೊಳೆಯ ನೀರೂ ಇಳಿಯುತ್ತದೆ. ಆಗ ತೂಬು ಎತ್ತುತ್ತಿದ್ದರು, ನೀರು ತಾನಾಗಿ ಹರಿದು ಹೋಗುತ್ತಿತ್ತು. ಹೊಳೆ ಏರುವ ಮೊದಲು ತೂಬು ಮುಚ್ಚುತ್ತಿದ್ದರು, ಅದಕ್ಕೇ ವಾಪಸ್ ಬರುತ್ತಿರಲಿಲ್ಲ. ಈಗ ನೀರೆತ್ತುವ ಕೆಲಸವನ್ನು ಪಂಪ್‌ಗಳು ಮಾಡುತ್ತವೆ. ಗಿರಣಿಗಳ ಜಾಗಕ್ಕೆ ಹೋಗುವ ಬಾಗಿಲ ಹತ್ತಿರವೇ ಆಳೆತ್ತರ ಮೀರಿದ ತಿರುಪಿನಂಥ ಪಂಪ್‌ಗಳು ನೀರೆತ್ತುವುದನ್ನು ನೋಡಿದೆ. ಅಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಜನರೇ ಓಟು ಹಾಕಿ ಆರಿಸುವ ನೀರಿನ ಮಂಡಳಿಗಳಿವೆ. 13ನೇ ಶತಮಾನದಷ್ಟು ಹಳೆಯ ಪದ್ಧತಿ ಅದು. ನಿಮ್ಮಪ್ಪ ಇದ್ದರೆ ಹೇಳು, ತೂಬು ಯಾವಾಗ ಎತ್ತಬೇಕು ಎಂದು ಹೊಳೆ ನೋಡಿಕೊಂಡು ಕಾಯುವ ನೀರಗಂಟಿಗಳು ಅಲ್ಲಿಯೂ ಇದ್ದರು ಎಂದು.

– ನಿವೃತ್ತ ಶಿಕ್ಷಕಿ, ಶ್ರೀನಿವಾಸಪುರ